ಸಹಾಯ ಬೇಕು: ಅಪ್ಪನಿಗೆ ಯಾವ ಮಾಂಸ, ಯಾವ ಮೀನು ಕೊಡಲಿ?

ನಮಸ್ಕಾರ ರೀ, ಬಾಗಲಕೋಟೆ ನವನಗರದಿಂದ ಬರೆಯುತ್ತಿದ್ದೇನೆ. ಅಪ್ಪನಿಗೆ 61 ವರ್ಷ, ಹೋದ ವಾರದ ರಿಪೋರ್ಟ್‌ನಲ್ಲಿ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 168 ಬಂದಿದೆ. ಡಾಕ್ಟರ್ ಮಾತ್ರೆ ಬರೆದು, ಕೊಬ್ಬು ಕಡಿಮೆ ಮಾಡಿ ಅಂದರು, ಅಷ್ಟೇ. ರವಿವಾರ ಮಟನ್ ಇಲ್ಲದಿದ್ದರೆ ಅಪ್ಪ ರೊಟ್ಟಿ ಮುರಿಯುವುದೇ ಇಲ್ಲ, ಅದೂ ಅಂಗಡಿಯಲ್ಲಿ ನಿಂತು "ಸ್ವಲ್ಪ ಚರ್ಬಿ ಹಾಕ್ರಿ" ಅಂತ ಕೇಳಿ ಹಾಕಿಸಿಕೊಂಡು ಬರುವ ಮನುಷ್ಯ! ಸಾರು ತಣ್ಣಗಾದರೆ ಮೇಲೆ ಬಿಳಿ ಪದರ ಕಟ್ಟುತ್ತದಲ್ಲ, ಈಗ ಅದನ್ನು ಚಮಚದಿಂದ ತೆಗೆದುಹಾಕುತ್ತಿದ್ದೇನೆ. ಚಿಕನ್ ಆದರೆ ಚರ್ಮ ತೆಗೆಸಿ, ಎದೆಯ ಭಾಗವನ್ನೇ ತರುತ್ತೇನೆ.

ಗೊಂದಲ ಇರುವುದು ಮೀನಿನಲ್ಲಿ. ಬಂಗಡೆ, ತಾರ್ಲಿಯಲ್ಲಿ ಕೊಬ್ಬು ಜಾಸ್ತಿ ಇದ್ದರೂ ಅದರಲ್ಲಿ ಒಮೆಗಾ-3 ಅನ್ನುವ ಹೃದಯಕ್ಕೆ ಒಳ್ಳೆಯ ಕೊಬ್ಬು ಇದೆ, ವಾರಕ್ಕೆ ಎರಡು ಸಲ ತಿಂದರೆ ಒಳ್ಳೆಯದು ಅಂತಾರೆ. ನಮಗೆ ಸುಲಭವಾಗಿ ಸಿಗುವುದು ಆಲಮಟ್ಟಿ ಹಿನ್ನೀರಿನ ರೋಹು, ಕಾಟ್ಲಾ. ಅವುಗಳಲ್ಲಿ ಒಮೆಗಾ-3 ಅಷ್ಟು ಇರಲ್ಲ, ಆದರೂ ಮಟನ್‌ಗಿಂತ ವಾಸಿ ಅಲ್ವಾ? ಮೊನ್ನೆ ತಂದ ಬಂಗಡೆಯ ಕಣ್ಣು ಒಳಗೆ ಹೋಗಿತ್ತು, ಕಿವಿರು ಕಂದು ಬಣ್ಣ, ಸುಮ್ನೆ ದುಡ್ಡು ದಂಡ.

ಇಲ್ಲಿ ತಾಜಾ ಬಂಗಡೆ ಯಾವ ದಿನ, ಎಲ್ಲಿ ಬರುತ್ತದೆ? ರವೆ ಹಚ್ಚಿ ಎಣ್ಣೆಯಲ್ಲಿ ಮುಳುಗಿಸಿ ಕರಿಯದೆ, ಅಪ್ಪ ಒಪ್ಪುವ ಹಾಗೆ ಖಾರವಾಗಿ ಮಾಡುವುದು ಹೇಗೆ? ಮನೆಯಲ್ಲಿ ಹೀಗೇ ಸಂಭಾಳಿಸುತ್ತಿರುವವರು ಹೇಳಿ, ರವಿವಾರದೊಳಗೆ ಹೇಳಿದರೆ ಇನ್ನೂ ಒಳ್ಳೆಯದು.