ಸೆಂಟರಿಂಗ್ ಪ್ರೇಯರ್‌ನಲ್ಲಿ ಪದವನ್ನು ಜಪದಂತೆ ಹೇಳುತ್ತಲೇ ಇರಬೇಕೇ?

ಮೌನದ_ಓದುಗ:
ಸೆಂಟರಿಂಗ್ ಪ್ರೇಯರ್ ಎಂಬ ಕ್ರೈಸ್ತ ಮೌನ ಪ್ರಾರ್ಥನೆಗೆ ಒಂದು ಪದ ಆರಿಸಿಕೊಳ್ಳಿ ಅಂತಾರೆ. ಜಾನ್ ಮೇನ್ ಎಂಬವರ ಧ್ಯಾನ ಪದ್ಧತಿಯಲ್ಲೂ ಪದ ಇದೆ, ಆರ್ಥಡಾಕ್ಸ್ ಕ್ರೈಸ್ತರ ಯೇಸು ಪ್ರಾರ್ಥನೆಯಲ್ಲಿ ಇಡೀ ವಾಕ್ಯವೇ ಇದೆ. ಮೂರೂ ಒಂದೇನಾ? ಪದ ಹೇಳುತ್ತಾ ಹೋದರೆ ತಲೆ ಬಿಗಿಯುತ್ತದೆ, ಬಿಟ್ಟರೆ ನಿದ್ದೆ.

ಕಲ್ಲುಬೆಂಚು:
ಒಂದೇ ಅಲ್ಲ. ತಲೆ ಬಿಗಿಯುವುದು ಮೂರನ್ನೂ ಕಲಸಿದ್ದರಿಂದಲೇ ಇರಬೇಕು.

ಸೆಂಟರಿಂಗ್ ಪ್ರೇಯರ್ ರೂಪುಗೊಂಡದ್ದು 1970ರ ದಶಕದಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್‌ನ ಸ್ಪೆನ್ಸರ್‌ನಲ್ಲಿರುವ ಟ್ರಾಪಿಸ್ಟ್ ಎಂಬ ಕ್ಯಾಥೊಲಿಕ್ ಪಂಗಡದ ಮಠದಲ್ಲಿ. ಮೆನಿಂಜರ್, ಪೆನಿಂಗ್ಟನ್, ಕೀಟಿಂಗ್ ಎಂಬ ಮೂವರು ಸನ್ಯಾಸಿಗಳು 14ನೇ ಶತಮಾನದ ‘ದಿ ಕ್ಲೌಡ್ ಆಫ್ ಅನ್‌ನೋಯಿಂಗ್’ ಎಂಬ ಇಂಗ್ಲಿಷ್ ಪುಸ್ತಕದ ಆಧಾರದಲ್ಲಿ ಕಟ್ಟಿದ್ದು. ಇಲ್ಲಿ ಪದ ಜಪಕ್ಕಲ್ಲ. ಬೆನ್ನು ನೆಟ್ಟಗಿಟ್ಟು, ಕಣ್ಣು ಮುಚ್ಚಿ, ಪದವನ್ನು ಒಮ್ಮೆ ಮೆಲ್ಲಗೆ ಮನಸ್ಸಿಗೆ ತಂದುಕೊಂಡು ಬಿಟ್ಟುಬಿಡಬೇಕು. ಯೋಚನೆ ಬಂದರೆ ಬರಲಿ. ಅದರ ಹಿಂದೆ ಹೊರಟುಬಿಟ್ಟಿದ್ದೀರಿ ಎಂದು ಗೊತ್ತಾದಾಗ ಮಾತ್ರ ಪದಕ್ಕೆ ಮರಳಬೇಕು. ಯೋಚನೆಯನ್ನು ಓಡಿಸಲು ಪದವನ್ನು ದೊಣ್ಣೆಯಂತೆ ಬೀಸಿದರೆ ತಲೆ ಬಿಗಿಯದೆ ಇನ್ನೇನಾದೀತು?

20 ನಿಮಿಷ, ದಿನಕ್ಕೆರಡು ಸಲ. ಮುಗಿದ ಮೇಲೆ ಒಂದೆರಡು ನಿಮಿಷ ಕಣ್ಣು ಮುಚ್ಚಿಯೇ ಇರಿ. ಊಟವಾದ ಕೂಡಲೇ ಕೂರಬೇಡಿ, ಅರ್ಧ ನಿದ್ದೆ ಅದರಿಂದಲೇ. ತೂಕಡಿಸಿದರೆ ಎಚ್ಚರವಾದ ಮೇಲೆ ಕೆಲವು ನಿಮಿಷ ಮುಂದುವರಿಸಿದರೆ ಸಾಕು. ಹಳೆಯ ಅಳು, ಸಿಟ್ಟು ಮೇಲೇಳುವುದುಂಟು. ಆಗ ಹೆಚ್ಚು ಹೊತ್ತು ಕೂತು ಹಟ ಮಾಡಬಾರದು. ಸಮಯ ಇಳಿಸಿ, ತೀರಾ ಕಾಡಿದರೆ ವೈದ್ಯರನ್ನು ಕಾಣಿ.

ಜಾನ್ ಮೇನ್ ಎಂಬ ಬೆನೆಡಿಕ್ಟೈನ್ ಸನ್ಯಾಸಿಯದು ತದ್ವಿರುದ್ಧ: ಮಾ-ರಾ-ನಾ-ಥಾ (‘ಕರ್ತನೇ, ಬಾ’ ಎಂಬ ಅರ್ಥದ ಅರಾಮಿಕ್ ಮಾತು), ನಾಲ್ಕೂ ಭಾಗಕ್ಕೆ ಸಮನಾದ ಒತ್ತು, ಮೊದಲಿನಿಂದ ಕೊನೆಯವರೆಗೆ ಬಿಡದೆ. ಅವರು ಇದರ ಮೂಲ ಪಾಠ ಕಲಿತದ್ದು ಮಲಯದಲ್ಲಿದ್ದ (ಇಂದಿನ ಮಲೇಷ್ಯಾ) ಒಬ್ಬ ಹಿಂದೂ ಸ್ವಾಮಿಯಿಂದ. ಜಪದ ರೂಢಿ ಇರುವವರಿಗೆ ಇದೇ ಸಲೀಸು.

ಉಣ್ಣೆದಾರ:
ಯೇಸು ಪ್ರಾರ್ಥನೆಯ ಬಗ್ಗೆ ಒಂದು ಮಾತು. ‘ಕರ್ತನಾದ ಯೇಸು ಕ್ರಿಸ್ತನೇ, ದೇವಕುಮಾರನೇ’ ಎನ್ನುವಾಗ ಉಸಿರು ಒಳಗೆ, ‘ಪಾಪಿಯಾದ ನನ್ನನ್ನು ಕರುಣಿಸು’ ಎನ್ನುವಾಗ ಹೊರಗೆ. ಇಲ್ಲಿ ಅರ್ಥದ ಮೇಲೆ ಗಮನವಿರಲೇಬೇಕು, ಬರೀ ಸದ್ದಾದರೆ ಪ್ರಯೋಜನವಿಲ್ಲ. ಉಣ್ಣೆಯ ಗಂಟುದಾರದಲ್ಲಿ 33, 50 ಅಥವಾ 100 ಗಂಟು ಇರುತ್ತವೆ. ಮೊದಲು 33 ಸಾಕು, ಬಾಯಲ್ಲೇ ಹೇಳಿ. ತಲೆ ಬಗ್ಗಿಸಿ ಉಸಿರು ಬಿಗಿಹಿಡಿಯುವ ಹಳೆಯ ವಿಧಾನವನ್ನು ಗುರುವಿಲ್ಲದೆ ಮಾಡಬೇಡಿ ಎಂದು ಆ ಪರಂಪರೆಯವರೇ ಎಚ್ಚರಿಸುತ್ತಾರೆ. ಈ ವಿಧಾನದವರನ್ನೇ 14ನೇ ಶತಮಾನದಲ್ಲಿ ಬರ್ಲಾಮ್ ಎಂಬ ವಿದ್ವಾಂಸ ‘ಹೊಕ್ಕುಳಲ್ಲಿ ಆತ್ಮವಿಟ್ಟುಕೊಂಡವರು’ ಎಂದು ಹಂಗಿಸಿದ್ದು. ಹಾಗೆ ಹಂಗಿಸಿಕೊಂಡ ಗ್ರೀಸ್‌ನ ಆಥೋಸ್ ಬೆಟ್ಟದ ಸನ್ಯಾಸಿಗಳ ಪರ ನಿಂತವರು ಗ್ರೆಗರಿ ಪಾಲಮಾಸ್ ಎಂಬ ಸನ್ಯಾಸಿ.

ಮೌನದ_ಓದುಗ:
ಹಾಗಾದರೆ ಕನ್ನಡದಲ್ಲಿ ಯಾವ ಪದ? ದಿನಕ್ಕೊಂದು ಬದಲಿಸಬಹುದಾ?

ಕಲ್ಲುಬೆಂಚು:
‘ತಂದೆ’, ‘ಯೇಸು’, ‘ಶಾಂತಿ’, ಚಿಕ್ಕದಾಗಿದ್ದರೆ ಯಾವುದಾದರೂ ಸರಿ. ಮನೆಯವರ ನೆನಪನ್ನೋ ಜಗಳವನ್ನೋ ಎಳೆದು ತರುವ ಪದ ಬೇಡ. ಕೂತಾಗ ಮಧ್ಯೆ ಬದಲಿಸಲೇಬೇಡಿ, ಆರಿಸುವುದೇ ಒಂದು ಯೋಚನೆಯಾಗುತ್ತದೆ.

ಸಾಲುದೀಪ:
ನನ್ನ ತಕರಾರು ಬೇರೆ. ನೇರವಾಗಿ ಮೌನಕ್ಕೆ ಹಾರುವುದೇಕೆ? 12ನೇ ಶತಮಾನದ ಕಾರ್ಥೂಸಿಯನ್ ಸನ್ಯಾಸಿ ಎರಡನೇ ಗೀಗೋ ನಾಲ್ಕು ಮೆಟ್ಟಿಲು ಹೇಳಿದ್ದಾರೆ: ಓದು, ಮನನ, ಪ್ರಾರ್ಥನೆ, ದರ್ಶನ (ದೇವರ ಮುಂದೆ ಮೌನವಾಗಿರುವುದು). ಮಾರ್ಕನ ಸುವಾರ್ತೆಯಲ್ಲಿ ಐದಾರು ವಚನ ತೆಗೆದುಕೊಂಡು ನಿಧಾನವಾಗಿ ಓದಿ, ತಟ್ಟಿದ ಕಡೆ ನಿಲ್ಲಿ. ಮನನ ಬಿಟ್ಟು ಮೌನಕ್ಕೆ ಯಾವಾಗ ಹೋಗಬೇಕೆಂಬುದಕ್ಕೆ 16ನೇ ಶತಮಾನದ ಸ್ಪೇನಿನ ಸಂತ ಶಿಲುಬೆಯ ಯೋಹಾನರು ಮೂರು ಗುರುತು ಕೊಟ್ಟಿದ್ದಾರೆ: ಮನನ ಸಾಗುವುದಿಲ್ಲ, ಬೇರೆ ವಿಷಯದ ಮೇಲೂ ಮನಸ್ಸು ಓಡಿಸುವ ಆಸೆಯಿಲ್ಲ, ದೇವರತ್ತ ಪ್ರೀತಿಯ ಗಮನವಿಟ್ಟು ಸುಮ್ಮನಿರುವುದೇ ಹಿತ. ಮೂರೂ ಒಟ್ಟಿಗಿರಬೇಕು. ಮೊದಲನೆಯದು ಮಾತ್ರ ಇದ್ದರೆ ಅದು ಆಲಸ್ಯವೋ ಚಂಚಲತೆಯೋ ಆಗಿರಬಹುದು, ಓದಿಗೇ ಮರಳಿ.