ಸಹಾಯ ಬೇಕು: ಅಪ್ಪನನ್ನೂ ಮಗಳನ್ನೂ ಕರೆದುಕೊಂಡು ಡಿಸೆಂಬರ್‌ನಲ್ಲಿ ಕೋಟಗಿರಿಗೆ

ಎಲ್ಲರಿಗೂ ನಮಸ್ಕಾರ. ಕ್ರಿಸ್‌ಮಸ್ ರಜೆಗೆ ಮೈಸೂರಿಂದ ನೀಲಗಿರಿಯ ಕೋಟಗಿರಿಗೆ ಐದು ಜನ ಕಾರಲ್ಲಿ ಹೊರಟಿದ್ದೇವೆ. ಊಟಿಯ ಜನಜಂಗುಳಿ ಬೇಡ ಅಂತಲೇ ಈ ಊರು. ಅಲ್ಲಿನ ಬಡಗ ಸಮುದಾಯದವರ ಮಾತು ನಮ್ಮ ಕನ್ನಡಕ್ಕೆ ಹತ್ತಿರ ಅಂತ ಕೇಳಿದಾಗಿನಿಂದ ಅವರನ್ನು ಮಾತಾಡಿಸಬೇಕು ಅಂತ ಅಪ್ಪನಿಗೆ ಬಹಳ ಆಸೆ.

ಗೊಂದಲ ದಾರಿಯದ್ದು. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗೇಟ್ ಹಾಕಿರುತ್ತಾರೆ, ಹಾಗಾಗಿ ಗುಂಡ್ಲುಪೇಟೆಯಲ್ಲಿ ತಿಂಡಿ ಮುಗಿಸಿ ಕಾಡು ದಾಟುವ ಯೋಚನೆ. ತೆಪ್ಪಕಾಡಿನಿಂದ ಮಸಿನಗುಡಿ ಕಡೆ ಹೋದರೆ ಹತ್ತಿರ, ಆದರೆ ಕಲ್ಲಟ್ಟಿ ಘಾಟಿಯಲ್ಲಿ 36 ಹೇರ್‌ಪಿನ್ ತಿರುವು. ಐದು ವರ್ಷದ ಮಗಳಿಗೆ ನಾಲ್ಕು ತಿರುವಿಗೇ ವಾಂತಿ. ಹೋದ ಸಲ ಮಡಿಕೇರಿ ದಾರಿಯಲ್ಲಿ ಅಮ್ಮನ ಸೆರಗೆಲ್ಲ ಒದ್ದೆ. ಮಗು ಬಿಳಿಚಿಕೊಂಡು ನಿಂಬೆಹಣ್ಣು ಮೂಸುತ್ತಾ ಕೂತಿದ್ದು ಇನ್ನೂ ಕಣ್ಣಮುಂದಿದೆ. ಗೂಡಲೂರು ದಾರಿ ಸುತ್ತಾದರೂ ವಾಸಿ ಅನ್ನಿಸುತ್ತಿದೆ. ಮಕ್ಕಳ ಜೊತೆ ಈಚೆಗೆ ಹೋದವರು ರಸ್ತೆ ಹೇಗಿದೆ ಹೇಳಿ.

ಅಪ್ಪನಿಗೆ 74, ಆಸ್ತಮಾ ಇದೆ. ನೀಲಗಿರಿಯ ತಗ್ಗುಗಳಲ್ಲಿ ಆ ಹೊತ್ತಿಗೆ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟುವಷ್ಟು ಚಳಿ. ನೆಲಮಹಡಿಯಲ್ಲೇ ಕೋಣೆ, ರೂಮ್ ಹೀಟರ್, ಬೆಳಿಗ್ಗೆ ಬಿಸಿನೀರು ಇರುವ ಹೋಂಸ್ಟೇ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಒಂದು ಕಡೆ ಫೋನ್ ಮಾಡಿದಾಗ "ಹೀಟರ್ ಯಾಕೆ ಸಾರ್, ಎರಡು ಕಂಬಳಿ ಕೊಡ್ತೀವಿ" ಅಂದರು. ಅಪ್ಪನ ಎದೆ ಅದನ್ನು ತಡೆಯಲ್ಲ. ರಾತ್ರಿ ಉಬ್ಬಸ ಜಾಸ್ತಿಯಾದರೆ ಕೋಟಗಿರಿಯಲ್ಲೇ ಡಾಕ್ಟರ್ ಸಿಗುತ್ತಾರಾ, ಕೂನೂರಿಗೆ ಹೋಗಬೇಕಾ?

ನೀಲಗಿರಿಗೆ ಹೊರಗಿನ ಗಾಡಿಗಳಿಗೆ ಬೇಕಾದ ಇ-ಪಾಸ್ ಮಾಡಿಸಿದ್ದೇನೆ, ಅಲ್ಲಿ ಪ್ಲಾಸ್ಟಿಕ್ ಬಾಟಲಿ ನಿಷೇಧ ಅಂತ ನೀರಿಗೆ ಸ್ಟೀಲ್ ಬಾಟಲಿಗಳನ್ನು ತೆಗೆದಿಟ್ಟಿದ್ದೇವೆ. ಕೊಡನಾಡು ವ್ಯೂಪಾಯಿಂಟ್‌ನಲ್ಲಿ ಕಾರು ನಿಲ್ಲಿಸಿ ಎಷ್ಟು ನಡೆಯಬೇಕು ಅನ್ನೋದನ್ನೂ ಯಾರಾದರೂ ಹೇಳಿದರೆ ಉಪಕಾರ.