ಸೆವಿಯಾದ ನರ್ಸ್‌ಗೆ ಯಾವ ಇಂಗ್ಲಿಷ್ ಹೇಳಿಕೊಡಲಿ?

ನಾನು ಇಂಗ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ನಮ್ಮ ವಾರ್ಡಿಗೆ ಸ್ಪೇನಿನ ಸೆವಿಯಾದಿಂದ ಹೊಸ ಹುಡುಗಿ ಬಂದಿದ್ದಾಳೆ. ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆ ಪಾಸಾಗಿದೆ, ವ್ಯಾಕರಣ ನನಗಿಂತ ಚೆನ್ನಾಗಿದೆ. ಆದರೂ ಅವಳ ಮಾತು ಗಡಸು ಅಂತ ವಯಸ್ಸಾದ ರೋಗಿಗಳು ಎರಡು ಸಲ ಹೇಳಿದರು. ಮೊನ್ನೆ ಬೆಡ್‌ಶೀಟ್ ಇಡುವ ಕೋಣೆಯಲ್ಲಿ ನಿಂತು ಅಳುತ್ತಿದ್ದಳು. ದಿನಬಳಕೆಯ ಯಾವ ಮಾತುಗಳನ್ನು ಕಲಿಸಿದರೆ ಅವಳ ಇಂಗ್ಲಿಷ್ ಸಲೀಸಾಗುತ್ತೆ? ಸ್ಪ್ಯಾನಿಷ್ ಮಾತಾಡುವವರ ಜೊತೆ ಕೆಲಸ ಮಾಡಿದವರು ದಯವಿಟ್ಟು ನಿಮ್ಮ ಅನುಭವ ಹೇಳಿ.

ಮಂಗಳೂರು ಕಡೆಯವರು, 14 ವರ್ಷದಿಂದ ಇಂಗ್ಲೆಂಡಿನಲ್ಲಿ

ತಂಗಿ, ಅವಳ ಸ್ವಭಾವದಲ್ಲಿ ಏನೂ ತೊಂದರೆ ಇಲ್ಲ. ಮೊದಲು ಇದನ್ನೇ ಅವಳ ಹತ್ತಿರ ಹೇಳು. ನಾವು ‘ಕೈ ಕೊಡಿ’ ಅನ್ನುವಾಗ ಮರ್ಯಾದೆ ಆ ‘ಕೊಡಿ’ಯ ಒಳಗೇ ಉಂಟು. ಸ್ಪ್ಯಾನಿಷ್‌ನಲ್ಲೂ ಹಾಗೆಯೇ. ಗೆಳತಿಗೆ ‘ತೂ’, ಹಿರಿಯರಿಗೆ ‘ಉಸ್ತೆದ್’. ‘ದಾಮೆ’ ಅಂದರೆ ಕೊಡು, ‘ದೆಮೆ’ ಅಂದರೆ ಕೊಡಿ. ಇಂಗ್ಲಿಷಿನ ‘ಗಿವ್’ನಲ್ಲಿ ಈ ವ್ಯತ್ಯಾಸವೇ ಇಲ್ಲ. ಅವಳು ಮನಸ್ಸಿನಲ್ಲಿ ‘ದೆಮೆ’ ಅಂದುಕೊಂಡು ‘ಗಿವ್ ಮಿ ಯುವರ್ ಆರ್ಮ್, ಪ್ಲೀಸ್’ ಅನ್ನುತ್ತಾಳೆ, ಅಜ್ಜಿಯ ಕಿವಿಗೆ ಅದು ಅಪ್ಪಣೆಯಾಗಿ ಬೀಳುತ್ತದೆ.

ನನ್ನ ಜೊತೆ ಸ್ಪೇನಿನ ವಲೆನ್ಸಿಯಾದವಳು ಒಬ್ಬಳು ಮೂರು ವರ್ಷ ಇದ್ದಳು. ಬಿ.ಪಿ. ನೋಡಲು ಹೋದರೆ ‘ಸಿಟ್, ಪ್ಲೀಸ್. ಆರ್ಮ್, ಪ್ಲೀಸ್.’ ಒಂದು ರಾತ್ರಿ ಎಂಬತ್ತು ದಾಟಿದ ಅಜ್ಜಿಯೊಬ್ಬರು ತೋಳನ್ನು ಎದೆಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿಬಿಟ್ಟರು. ನಮ್ಮ ಹಿರಿಯ ಹೆಲ್ತ್‌ಕೇರ್ ಅಸಿಸ್ಟೆಂಟ್ ಬಂದು ಮಂಚದ ಬದಿ ಬಗ್ಗಿ, ‘ಕ್ಯಾನ್ ಐ ಜಸ್ಟ್ ಪಾಪ್ ದಿಸ್ ಆನ್ ಯುವರ್ ಆರ್ಮ್ ಫಾರ್ ಎ ಮಿನಿಟ್?’ ಅಂದರು. ಹೊದಿಕೆಯ ಒಳಗಿಂದ ತೋಳು ನಿಧಾನಕ್ಕೆ ಹೊರಗೆ ಬಂತು. ವಲೆನ್ಸಿಯಾದವಳು ಆ ವಾಕ್ಯವನ್ನು ಪಾಳಿ ಬದಲಾಗುವಾಗಿನ ಹ್ಯಾಂಡೋವರ್ ಹಾಳೆಯ ಹಿಂದೆ ಬರೆದುಕೊಂಡಳು. ಮಾರನೇ ದಿನದಿಂದ ಹಾಗೆಯೇ ಕೇಳತೊಡಗಿದಳು.

ಆ ವಾಕ್ಯದಲ್ಲಿ ಏನೇನು ಉಂಟು ನೋಡು. ಅಪ್ಪಣೆ ಪ್ರಶ್ನೆಯಾಗಿದೆ. ‘ಜಸ್ಟ್’ ಇದೆ, ನಾವು ‘ಸ್ವಲ್ಪ ಈಚೆ ಬನ್ನಿ’ ಅನ್ನುವಾಗ ‘ಸ್ವಲ್ಪ’ ಮಾಡುವ ಕೆಲಸವನ್ನೇ ಅದು ಮಾಡುತ್ತದೆ. ಇನ್ನು ‘ಪಾಪ್’, ಅಂದರೆ ಹಗುರವಾಗಿ ಇಡುವುದು, ಚೂರು ಹೋಗಿಬರುವುದು. ಅದಿಲ್ಲದೆ ಇಲ್ಲಿನ ಒಂದು ವಾರ್ಡೂ ನಡೆಯುವುದಿಲ್ಲ. ‘ಪಾಪ್ ಅಪ್ ಆನ್ ದ ಬೆಡ್ ಫಾರ್ ಮಿ’, ‘ಐ ವಿಲ್ ಪಾಪ್ ಬ್ಯಾಕ್’. ಕೊನೆಗೆ ಸೇರಿಸುವ ಆ ‘ಫಾರ್ ಮಿ’ಯನ್ನು ತಪ್ಪದೆ ಹೇಳಿಕೊಡು. ‘ನನಗೋಸ್ಕರ’ ಅಂತ ಕೇಳಿದರೆ ಯಾರಿಗೂ ಇಲ್ಲ ಅನ್ನಲು ಮನಸ್ಸು ಬರುವುದಿಲ್ಲ.

ಇನ್ನೊಂದು ಸಂಗತಿ ಬಹಳ ಜನರ ಗಮನಕ್ಕೆ ಬರುವುದಿಲ್ಲ. ಸ್ಪ್ಯಾನಿಷ್ ಹುಟ್ಟಿದ್ದು ಲ್ಯಾಟಿನ್‌ನಿಂದ. ಇಂಗ್ಲಿಷಿಗೆ ಲ್ಯಾಟಿನ್ ಮೂಲದ ಪದಗಳು ರಾಶಿ ರಾಶಿ ಬಂದದ್ದು 1066ರಲ್ಲಿ ನಾರ್ಮನ್ನರು ಗೆದ್ದ ಮೇಲೆ, ಫ್ರೆಂಚ್ ದಾರಿಯಾಗಿ. ಅವು ಆಸ್ಥಾನಕ್ಕೆ, ಕೋರ್ಟಿಗೆ ಹೊಂದಿಕೊಂಡವು. ಮನೆಯೊಳಗಿನ ದಿನಬಳಕೆಯಲ್ಲಿ ಇಂಗ್ಲಿಷಿನ ಹಳೆಯ ಸಣ್ಣ ಪದಗಳೇ ಹೆಚ್ಚಾಗಿ ಉಳಿದವು. ನಿನ್ನ ಹುಡುಗಿಗೆ ಗುರುತು ಸಿಗುವುದು ದೊಡ್ಡ ಪದಗಳೇ. ಹಾಗಾಗಿ ‘ಎಲಿವೇಟ್ ಯುವರ್ ಲೆಗ್’, ‘ಐ ವಿಲ್ ರಿಟರ್ನ್’ ಅವಳ ಬಾಯಿಗೆ ತಾನಾಗಿ ಬರುತ್ತವೆ. ನಮ್ಮಲ್ಲಿ ಯಾರಾದರೂ ‘ಅಜ್ಜಿ, ಪಾದವನ್ನು ಉನ್ನತಗೊಳಿಸಿ, ನಾನು ಪುನರಾಗಮಿಸುತ್ತೇನೆ’ ಅಂದರೆ ಹೇಗಿರುತ್ತದೆ ಮಾರಾಯ್ತಿ! ‘ಪುಟ್ ಯುವರ್ ಲೆಗ್ ಅಪ್’, ‘ಐ ವಿಲ್ ಬಿ ಬ್ಯಾಕ್’ ಅನ್ನಲಿ. ರಿಮೂವ್ ಬದಲು ಟೇಕ್ ಆಫ್, ಕಂಟಿನ್ಯೂ ಬದಲು ಕ್ಯಾರಿ ಆನ್, ಎಂಟರ್ ಬದಲು ಕಮ್ ಇನ್. ನಾನು ವಲೆನ್ಸಿಯಾದವಳಿಂದ ಒಂದು ಪುಸ್ತಕದಲ್ಲಿ ಎಡಕ್ಕೆ ದೊಡ್ಡ ಪದ, ಬಲಕ್ಕೆ ಮನೆಮಾತಿನ ಪದ ಬರೆಸುತ್ತಿದ್ದೆ. ದಿನಕ್ಕೆ ಎರಡು ಸಾಕು.

ರೋಗಿಗಳ ಬಾಯಿಂದ ಬರುವುದೂ ಅರ್ಥವಾಗಬೇಕು. ‘ಐ ಹ್ಯಾವ್ ಬೀನ್ ಸಿಕ್’ ಅಂದರೆ ಇಲ್ಲಿ ವಾಂತಿಯಾಯಿತು ಅಂತ. ‘ಪೂರ್ಲಿ’ ಅಂದರೆ ಮೈ ಸರಿಯಿಲ್ಲ. ‘ಸ್ಪೆಂಡ್ ಎ ಪೆನಿ’ ಅಂದರೆ ಮೂತ್ರಕ್ಕೆ ಹೋಗಬೇಕು. ಸಾರ್ವಜನಿಕ ಶೌಚಾಲಯಕ್ಕೆ ಒಂದು ಪೆನಿ ಹಾಕುತ್ತಿದ್ದ ಕಾಲದ ಮಾತು. ‘ಯೂ ಆಲ್‌ರೈಟ್?’ ಅಂದರೆ ಬರೀ ನಮಸ್ಕಾರ. ವಲೆನ್ಸಿಯಾದವಳು ತನ್ನ ಮುಖ ಬಾಡಿದೆಯೇನೋ ಅಂತ ಎಷ್ಟೋ ದಿನ ಕನ್ನಡಿ ನೋಡಿಕೊಳ್ಳುತ್ತಿದ್ದಳಂತೆ.

ಎರಡು ಎಚ್ಚರಿಕೆ. ಸ್ಪೇನಿನಲ್ಲಿ ‘ಕೊನ್ಸ್ತಿಪಾದೊ’ ಅಂದರೆ ಶೀತ. ಇಂಗ್ಲಿಷಿನ ‘ಕಾನ್‌ಸ್ಟಿಪೇಟೆಡ್’ ಅಂದರೆ ಮಲಬದ್ಧತೆ. ವಾರ್ಡಿನಲ್ಲಿ ಇದು ಅದಲುಬದಲಾದರೆ ತಪ್ಪು ಮಾತ್ರೆಯವರೆಗೆ ಹೋದೀತು. ‘ಮೊಲೆಸ್ತಾರ್’ ಅಂದರೆ ತೊಂದರೆ ಕೊಡುವುದು ಅಷ್ಟೇ. ಇಂಗ್ಲಿಷಿನ ‘ಮೊಲೆಸ್ಟ್’ನ ಅರ್ಥ ಭಯಂಕರ, ಲೈಂಗಿಕ ಕಿರುಕುಳ ಕೊಡುವುದು. ‘ಸಾರಿ ಟು ಬಾದರ್ ಯು’ ಅಂತ ಬಾಯಿಪಾಠ ಮಾಡಿಸಿಬಿಡು.

ಮೈಸೂರಿನವರು, ಮ್ಯಾಡ್ರಿಡ್‌ನಲ್ಲಿ 6 ವರ್ಷ

ಮೇಲಿನವರು ಹೇಳಿದ್ದಕ್ಕೆ ಒಂದೇ ಒಂದು ಸೇರಿಸ್ತೀನಿ. ವಸ್ತುವಿನ ಹೆಸರು ನೆನಪಾಗದಿದ್ದರೆ ಇಲ್ಲಿನವರು ‘ಹೌ ಇಸ್ ದಿಸ್ ಕಾಲ್ಡ್?’ ಅಂತ ಕೇಳ್ತಾರೆ, ಸ್ಪ್ಯಾನಿಷ್‌ನಲ್ಲಿ ‘ಕೋಮೊ’ ಅಂದರೆ ‘ಹೇಗೆ’ ಅಂತ ಇರೋದರಿಂದ. ‘ವಾಟ್ ಡು ಯು ಕಾಲ್ ದಿಸ್?’ ಅನ್ನೋದು ಕಲಿತರೆ ಬೇಕಾದ ಮಿಕ್ಕ ಪದಗಳನ್ನೆಲ್ಲ ಅವರೇ ಕೇಳಿ ಕಲೀತಾರೆ.

ಧಾರವಾಡದವರು, ಅಮೆರಿಕದ ಆಸ್ಟಿನ್‌ನಲ್ಲಿ

ಅಕ್ಕಾರ, ನಮ್ಮ ಟೀಮಿನ್ಯಾಗ ಅರ್ಧ ಮಂದಿ ಮೆಕ್ಸಿಕೋದ ಗ್ವಾದಲಹಾರದವರು. ದಿನಾ ಕಾಲ್‌ನ್ಯಾಗ ಮಾತಾಡ್ತೀವಿ. ಅವರ ತಪ್ಪು ನೋಡಿದ್ರ ನಮ್ಮ ತಪ್ಪು ನೋಡಿದಂಗ ಆಗ್ತದ. ‘ಅಸೆರ್’ ಅಂದ್ರ ನಮ್ಮ ‘ಮಾಡು’ ಇದ್ದಂಗ, ಇಂಗ್ಲಿಷಿನ ಮೇಕ್ ಮತ್ತ ಡೂ ಎರಡೂ ಅದರಾಗ ಬರ್ತಾವ. ‘ದೆಸಿರ್’ ಅಂದ್ರ ನಮ್ಮ ‘ಹೇಳು’. ಅದಕ್ಕ ‘ಸೇ ಮಿ’ ಅಂತಾರ, ‘ಟೆಲ್ ಮಿ’ ಅನ್ನಬೇಕಾದಲ್ಲಿ. ‘ಮೆ ಗುಸ್ತಾ’ ಅಂತೂ ಥೇಟ್ ನಮ್ಮ ‘ನನಗ ಸೇರ್ತದ’. ಆದ್ರ ‘ಐ ಆಮ್ ಅಗ್ರೀ’ ನಮ್ಮವರು ಅನ್ನಂಗಿಲ್ಲ, ಅವರು ಅಂತಾರ.

ಒಂದು ಮಾತು ಮಾತ್ರ ಸಂಬಂಧ ಕೆಡಿಸ್ತದ. ನಾವು ಏನಾದ್ರೂ ಕೇಳಿದ್ರ ಅವರು ‘ಕ್ಲಾರೊ’ ಅನ್ನೋದನ್ನ ‘ಆಫ್ ಕೋರ್ಸ್’ ಅಂತ ತರ್ತಾರ. ‘ಇಷ್ಟೂ ಗೊತ್ತಿಲ್ಲೇನು’ ಅಂದಂಗ ಕೇಳಿಸ್ತದ. ‘ಶೂರ್’ ಅನ್ನಲಿಕ್ಕೆ ಹೇಳ್ರಿ, ಮೆತ್ತಗಾಗ್ತದ. ಕಿವಿಗೆ ಬೀಳದಿದ್ದಾಗ ಬರೀ ‘ವಾಟ್?’ ಅನ್ನಬಾರದು, ‘ಸಾರಿ?’ ಅಂತ ದನಿ ಏರಿಸಬೇಕು.

ಮತ್ತ ವಾರ್ಡಿನ್ಯಾಗ ಗಂಟಿ ಬಾರಿಸಿದ್ರ ಆಕಿ ಏನಂತಾಳ ಕೇಳ್ರಿ. ಸ್ಪ್ಯಾನಿಷ್‌ನ್ಯಾಗ ಕರೆದ್ರ ‘ಯಾ ವೊಯ್’, ಅಂದ್ರ ಹೊಂಟೆ. ಅದನ್ನ ‘ಐ ಗೋ’ ಮಾಡಿಬಿಟ್ರ, ಮಲಗಿದಾಕಿ ನರ್ಸ್ ಹೋಗಿಬಿಟ್ಟಳು ಅಂತ ಗಾಬರಿ ಆಗ್ತಾಳ. ನಾವು ಇನ್ನೂ ಎದ್ದಿರಂಗಿಲ್ಲ, ಆಗಲೇ ‘ಬಂದೆ’ ಅಂತೀವಿ. ಆಕಿಗೆ ಕಲಿಸಬೇಕಾದದ್ದು ‘ಐ ಆಮ್ ಕಮಿಂಗ್’.